ದುಂಡಗಾಗಿ ಮತ್ತೆ ಚಪ್ಪಟೆಯಾಗುವ ಪ್ಲಾಟಿನಂ ಕಣ: ಒಂದು ಪ್ರಕರಣ ಅಧ್ಯಯನ

ಒಂದು ರಿಯಾಕ್ಟರ್ ಇದೆ. ಒಳಗೆ ಬರುವ ಅನಿಲದ ಮಿಶ್ರಣ ಬದಲಾಗುವುದಿಲ್ಲ. ಒತ್ತಡ ಬದಲಾಗುವುದಿಲ್ಲ. ಬಿಸಿಯೂ ಅಷ್ಟೇ ಇದೆ. ಆದರೂ ಹೊರಗೆ ಬರುವ ಕಾರ್ಬನ್ ಡೈಆಕ್ಸೈಡ್ ಒಂದೇ ಸಮ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಯಾರೂ ಯಾವ ಗುಂಡಿಯನ್ನೂ ತಿರುಗಿಸಿಲ್ಲ. ಹಾಗಿದ್ದರೆ ಒಳಗೆ ಬದಲಾಗುತ್ತಿರುವುದು ಏನು?

ಈ ಪ್ರಶ್ನೆ ಹೊಸದಲ್ಲ. ಪ್ಲಾಟಿನಂ ಮೇಲೆ ಕಾರ್ಬನ್ ಮೊನಾಕ್ಸೈಡ್ ಉರಿಯುವಾಗ ಹೀಗೆ ಏರಿಳಿತ ಆಗುತ್ತದೆ ಎಂದು 1970ರ ದಶಕದ ಆರಂಭದಲ್ಲೇ ಜರ್ಮನಿಯ ರಸಾಯನ ಎಂಜಿನಿಯರುಗಳು ವರದಿ ಮಾಡಿದ್ದರು. ಕಾರಣ ಮೇಲ್ಮೈಯಲ್ಲೇ ಎಲ್ಲೋ ಇದೆ ಎಂಬ ಅನುಮಾನವೂ ಆಗಲೇ ಇತ್ತು. ಆದರೆ ನಿಜವಾದ ವೇಗವರ್ಧಕದಲ್ಲಿ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನಲ್ಲಿ), ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಲ್ಲಿ, ಅದನ್ನು ಕಣ್ಣಾರೆ ನೋಡಿದ್ದು 2014ರಲ್ಲಿ. ಡೆನ್ಮಾರ್ಕಿನ ಹಾಲ್ಡೋರ್ ಟಾಪ್ಸೋ ಕಂಪನಿಯ ಸೋರೆನ್ ವೆಂಡೆಲ್ಬೊ, ಸ್ಟಿಗ್ ಹೆಲ್ವೆಗ್ ಮತ್ತು ನೆದರ್ಲೆಂಡ್ಸಿನ ಸಂಗಡಿಗರು ಸೇರಿ ಮಾಡಿದ ಆ ಕೆಲಸ ನೇಚರ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ಬಂತು. ಇಲ್ಲಿ ಆ ಒಂದು ಪ್ರಕರಣವನ್ನೇ ಬಿಡಿಸಿ ನೋಡೋಣ. ಕಣದ ಆಕಾರವನ್ನು ಅನಿಲ ಬದಲಿಸುತ್ತದೆ ಎನ್ನುವುದು ಅರ್ಧ ಮಾತು. ಬದಲಾದ ಆಕಾರ ತಿರುಗಿ ಅನಿಲವನ್ನು ಬದಲಿಸುತ್ತದೆ ಎನ್ನುವುದು ಉಳಿದ ಅರ್ಧ. ಎರಡೂ ಒಟ್ಟಿಗೆ ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣಗಳು ಕಡಿಮೆ.

ಕ್ರಿಯೆ ಸರಳ, ಜಾಗದ ಜಗಳ ಜೋರು

ಮೊನಾಕ್ಸೈಡ್ ಮತ್ತು ಆಮ್ಲಜನಕ ಸೇರಿ ಡೈಆಕ್ಸೈಡ್ ಆಗುತ್ತದೆ. ಒಂದು ಮೋಲ್ ಮೊನಾಕ್ಸೈಡ್ ಉರಿದರೆ ಸುಮಾರು 283 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ವಾಹನಗಳ ಹೊಗೆ ಶುದ್ಧ ಮಾಡುವ ವೇಗವರ್ಧಕದಲ್ಲಿ ನಡೆಯುವುದೂ ಇದೇ ಕ್ರಿಯೆ.

ಪ್ಲಾಟಿನಂ ಮೇಲೆ ಇದು ನಡೆಯುವ ಬಗೆಯನ್ನು ಅಮೆರಿಕದ ರಸಾಯನ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ 1922ರಲ್ಲೇ ಬಿಡಿಸಿಟ್ಟಿದ್ದರು. ಮೊನಾಕ್ಸೈಡ್ ಅಣುವಿಗೆ ಕೂರಲು ಒಂದು ಖಾಲಿ ಜಾಗ ಸಾಕು. ಆಮ್ಲಜನಕದ ಅಣು ಎರಡಾಗಿ ಒಡೆಯಬೇಕು, ಹಾಗಾಗಿ ಅದಕ್ಕೆ ಪಕ್ಕಪಕ್ಕದ ಎರಡು ಜಾಗ ಬೇಕು. ತುಂಬಿದ ಬಸ್ಸಿನಲ್ಲಿ ಒಬ್ಬರಿಗೆ ಎಲ್ಲಾದರೂ ಸೀಟು ಸಿಗುತ್ತದೆ, ಒಟ್ಟಿಗೇ ಕೂರಬೇಕೆನ್ನುವ ಜೋಡಿಗೆ ಸಿಗುವುದಿಲ್ಲ, ಅಲ್ವಾ? ಇಲ್ಲಿಯೂ ಹಾಗೆಯೇ. ಮೊನಾಕ್ಸೈಡ್ ಜಾಸ್ತಿಯಾದರೆ ಮೇಲ್ಮೈ ತುಂಬಿಹೋಗಿ ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ಉರಿಯಬೇಕಾದ ಅನಿಲವೇ ಉರಿಗೆ ಅಡ್ಡ ಬರುತ್ತದೆ.

ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಯಾವ ಜಾಗದಲ್ಲಿ ಮೊನಾಕ್ಸೈಡ್ ಎಷ್ಟು ಗಟ್ಟಿಯಾಗಿ ಕೂರುತ್ತದೆ, ಎಷ್ಟು ಬೇಗ ಉರಿದು ಜಾಗ ಬಿಡುತ್ತದೆ ಎನ್ನುವುದೇ ಮುಖ್ಯ. ಅದು ಜಾಗದಿಂದ ಜಾಗಕ್ಕೆ ಬೇರೆ ಬೇರೆ.

ಕಣದ ಆಕಾರ ಗೊತ್ತಾಗುವುದು ಹೇಗೆ

5 ನ್ಯಾನೊಮೀಟರ್ ಅಗಲದ ಒಂದು ಪ್ಲಾಟಿನಂ ಕಣವನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಸುಮಾರು 4,000 ಪರಮಾಣುಗಳಿವೆ. ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಪಾಲು ಹೊರಮೈಯಲ್ಲಿದೆ. ಒಳಗಿನ ಪ್ರತಿ ಪರಮಾಣುವಿಗೂ 12 ನೆರೆಯವರು. ಹೊರಗೆ ಬಂದರೆ ನೆರೆಯವರು ಕಡಿಮೆ. ತುಂಬ ಒತ್ತಾಗಿ ಜೋಡಿಸಿದ ಚಪ್ಪಟೆ ಮುಖ, ಅಂದರೆ 111 ಮುಖದಲ್ಲಿ, 9 ನೆರೆಯವರು (111, 100 ಎನ್ನುವುದು ಮುಖದ ಹೆಸರು, ಎಣಿಕೆಯಲ್ಲ). ಚೌಕವಾಗಿ ಜೋಡಿಸಿದ 100 ಮುಖದಲ್ಲಿ 8. ಒಂದು ಪದರ ಮುಗಿದು ಕೆಳಗಿನ ಪದರ ಶುರುವಾಗುವ ಮೆಟ್ಟಿಲಿನ ಅಂಚಿನಲ್ಲಿ 7. ಮೆಟ್ಟಿಲು ತಿರುಗುವ ಮೂಲೆಯಲ್ಲಿ 6.

ನೆರೆಯವರು ಕಡಿಮೆಯಾದಷ್ಟೂ ಆ ಪರಮಾಣುವಿನ ಶಕ್ತಿ ಜಾಸ್ತಿ. ಅಂದರೆ ಅದು ಅಷ್ಟು ಸುಖವಾಗಿಲ್ಲ. ಹಾಗಾಗಿ ಖಾಲಿ ಜಾಗದಲ್ಲಿ, ಯಾವ ಅನಿಲವೂ ಇಲ್ಲದೆ ಬಿಟ್ಟರೆ, ಕಣ ತನ್ನ ಮೈಯ ಬಹುಪಾಲನ್ನು 111 ಮುಖಗಳಿಂದ ಮುಚ್ಚಿಕೊಳ್ಳುತ್ತದೆ. ಮೆಟ್ಟಿಲು, ಮೂಲೆ ಕಡಿಮೆ ಇಟ್ಟುಕೊಳ್ಳುತ್ತದೆ. ಯಾವ ಮುಖ ಎಷ್ಟು ದೊಡ್ಡದಾಗಬೇಕು ಎಂದು ಲೆಕ್ಕ ಹಾಕುವ ದಾರಿಯನ್ನು ಗಿಯೋರ್ಗಿ ವುಲ್ಫ್ 1901ರಲ್ಲಿ ಕೊಟ್ಟರು. ಇವತ್ತಿಗೂ ಅದನ್ನೇ ಬಳಸುತ್ತಾರೆ.

ಈಗ ಅನಿಲ ಬಿಡಿ. ನೆರೆಯವರು ಕಡಿಮೆ ಇರುವ ಪರಮಾಣು ಅನಿಲದ ಅಣುವನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿದಾಗ ಅದರ ಶಕ್ತಿ ಇಳಿಯುತ್ತದೆ. ಸುಮ್ನೆ ಇದ್ದಾಗ ದುಬಾರಿಯಾಗಿದ್ದ ಮೆಟ್ಟಿಲು, ಅನಿಲ ಕೂತ ಮೇಲೆ ಅಷ್ಟು ದುಬಾರಿಯಲ್ಲ. ವುಲ್ಫ್ ಲೆಕ್ಕವನ್ನು ಹೊಸ ಅಂಕಿಗಳಿಂದ ಮತ್ತೆ ಮಾಡಿದರೆ ಬೇರೆ ಆಕಾರ ಬರುತ್ತದೆ. ಮೆಟ್ಟಿಲು, ಅಂಚು ಜಾಸ್ತಿ ಇರುವ ಆಕಾರ. ದೂರದಿಂದ ನೋಡಿದರೆ ಅದು ದುಂಡಗೆ ಕಾಣುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಚಪ್ಪಟೆ 111 ಮುಖದ ಮೇಲೆ ಮೊನಾಕ್ಸೈಡ್ ಸುಮಾರು 1.4 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿ ಅಳೆಯುವ ಘಟಕ) ಗಟ್ಟಿಯಾಗಿ ಕೂರುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಅಣು ಕೂತಾಗ ಏನನ್ನೋ ಕಳೆದುಕೊಳ್ಳುತ್ತದೆ. ಅನಿಲವಾಗಿ ಓಡಾಡುವ, ತಿರುಗುವ ಸ್ವಾತಂತ್ರ್ಯ ಹೋಗುತ್ತದೆ. ಬಿಸಿ 660 ಕೆಲ್ವಿನ್, ಮೊನಾಕ್ಸೈಡ್ ಪಾಲು ನೂರಕ್ಕೆ ನಾಲ್ಕು ಎಂದಿಟ್ಟುಕೊಂಡರೆ, ಆ ಸ್ವಾತಂತ್ರ್ಯದ ಬೆಲೆ ಹತ್ತಿರ ಹತ್ತಿರ 1.5 ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. ನೋಡಿ, ಎರಡೂ ಎಷ್ಟು ಹತ್ತಿರ ಇವೆ! ಚಪ್ಪಟೆ ಮುಖದಲ್ಲಿ ಕೂರುವುದು ಲಾಭವಲ್ಲ, ಮೆಟ್ಟಿಲಿನಲ್ಲಿ ಕೂರುವುದು ಲಾಭ. ಮೊನಾಕ್ಸೈಡ್ ಒತ್ತಡ ಹತ್ತರಲ್ಲಿ ಒಂದಕ್ಕೆ ಬಿದ್ದರೆ ಆ ಬೆಲೆ ಇನ್ನೂ 0.13 ಎಲೆಕ್ಟ್ರಾನ್ ವೋಲ್ಟ್ ಏರುತ್ತದೆ. ಕೇಳಲು ಚಿಕ್ಕ ಸಂಖ್ಯೆ. ಆದರೆ ತಕ್ಕಡಿ ಸಮ ನಿಂತಿರುವ ಕಡೆ ಅಷ್ಟು ಭಾರ ಸಾಕು. ಇದೇ ಬಿಸಿಯಲ್ಲಿ, ಇದೇ ಒತ್ತಡದಲ್ಲಿ ಕಣ ಯಾಕೆ ಇಷ್ಟು ಸೂಕ್ಷ್ಮವಾಗಿರುತ್ತದೆ ಎನ್ನುವುದು ಈ ಲೆಕ್ಕದಿಂದ ಅರ್ಥವಾಗುತ್ತದೆ. ತಣ್ಣಗಿದ್ದರೆ ಎಲ್ಲ ಜಾಗವೂ ತುಂಬಿರುತ್ತಿತ್ತು. ತುಂಬಾ ಬಿಸಿಯಾಗಿದ್ದರೆ ಎಲ್ಲವೂ ಖಾಲಿ ಇರುತ್ತಿತ್ತು.

ನೋಡಿದ್ದು ಹೇಗೆ, ಕಂಡಿದ್ದು ಏನು

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ನಿರ್ವಾತ ಬೇಕು. ವೇಗವರ್ಧಕಕ್ಕೆ ಅನಿಲ ಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ದೊಡ್ಡ ತಲೆನೋವು. ಈ ತಂಡ ಬಳಸಿದ್ದು ಸಿಲಿಕಾನ್ ಚಿಪ್ ಮೇಲೆ ಕೆತ್ತಿದ ನ್ಯಾನೊ ರಿಯಾಕ್ಟರ್. ಅದರೊಳಗೆ ಕೆಲವು ಮೈಕ್ರೋಮೀಟರ್ ಎತ್ತರದ ಕಾಲುವೆ. ಕಾಲುವೆಯ ಮೇಲೂ ಕೆಳಗೂ ಸಿಲಿಕಾನ್ ನೈಟ್ರೈಡಿನ ಪುಟ್ಟ ಕಿಟಕಿಗಳು. ಹತ್ತಾರು ನ್ಯಾನೊಮೀಟರಿನಷ್ಟೇ ತೆಳು, ಆದ್ದರಿಂದ ಎಲೆಕ್ಟ್ರಾನ್ ಕಿರಣ ದಾಟಿಹೋಗುತ್ತದೆ. ಚಿಪ್ಪಿನಲ್ಲೇ ಒಂದು ಹೀಟರ್. ಕಾಲುವೆಯೊಳಗೆ ಪ್ಲಾಟಿನಂ ಕಣಗಳು. ಅನಿಲ ಒಂದು ಕಡೆ ಒಳಗೆ ಬರುತ್ತದೆ, ಕಣಗಳ ಮೇಲೆ ಹರಿಯುತ್ತದೆ, ಇನ್ನೊಂದು ಕಡೆ ಹೊರಗೆ ಹೋಗುತ್ತದೆ. ಒತ್ತಡ ಪೂರ್ತಿ 1 ಬಾರ್, ಅಂದರೆ ನಾವು ಉಸಿರಾಡುವ ಗಾಳಿಯಷ್ಟು. ಮೊನಾಕ್ಸೈಡ್ ಸ್ವಲ್ಪ, ಆಮ್ಲಜನಕ ಬೇಕಾದ್ದಕ್ಕಿಂತ ಜಾಸ್ತಿ, ಉಳಿದದ್ದು ಹೀಲಿಯಂ. ಬಿಸಿ 400 ಡಿಗ್ರಿ ಸೆಲ್ಸಿಯಸ್‌ಗೆ ಸ್ವಲ್ಪ ಕಡಿಮೆ.

ಚಿತ್ರ ತೆಗೆಯುವುದರ ಜೊತೆಗೆ ಅವರು ಇನ್ನೆರಡು ಅಳತೆ ಮಾಡಿದರು. ಹೊರಗೆ ಹೋಗುವ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಯಾವ ಅನಿಲ ಎಷ್ಟಿದೆ ಎಂದು ಹೇಳುವ ಉಪಕರಣಕ್ಕೆ, ಕಳಿಸಿದರು. ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿಯಲು ಹೀಟರಿಗೆ ಎಷ್ಟು ವಿದ್ಯುತ್ ಬೇಕಾಗುತ್ತಿದೆ ಎಂದೂ ನೋಡುತ್ತಿದ್ದರು. ಕ್ರಿಯೆ ಜೋರಾದರೆ ಅದರ ಶಾಖವೇ ಕಾಲುವೆಯನ್ನು ಬಿಸಿ ಮಾಡುತ್ತದೆ, ಹೀಟರಿನ ಕೆಲಸ ಕಡಿಮೆಯಾಗುತ್ತದೆ. ಚಿತ್ರ, ಅನಿಲ, ಶಾಖ, ಮೂರೂ ಒಂದೇ ಗಡಿಯಾರದ ಮೇಲೆ.

ನನ್ನ ಮಟ್ಟಿಗೆ ಈ ಅಧ್ಯಯನದ ಜೀವಾಳ ಇದೇ. ಕಣ ಆಕಾರ ಬದಲಿಸುವ ಚಿತ್ರಗಳು ಇದಕ್ಕೂ ಮೊದಲು ಇದ್ದವು. ಆದರೆ ಚಿತ್ರ ಒಂದು ಕಡೆ, ಕ್ರಿಯೆಯ ವೇಗ ಇನ್ನೊಂದು ಪ್ರಯೋಗದಲ್ಲಿ, ಹೀಗಿದ್ದರೆ ನಡುವಿನ ನಂಟು ಊಹೆಯೇ. ಇಲ್ಲಿ ಊಹೆಗೆ ಜಾಗ ಕಡಿಮೆ.

ಕಂಡಿದ್ದು ಹೀಗೆ. ಡೈಆಕ್ಸೈಡ್ ಸಿಗ್ನಲ್ ಏರಿಳಿಯತೊಡಗಿದಾಗ ಹೀಟರಿನ ವಿದ್ಯುತ್ ಅದಕ್ಕೆ ತಕ್ಕಂತೆ ಇಳಿದು ಏರಿತು. ಅದೇ ಹೊತ್ತಿಗೆ ಕಾಲುವೆಯ ಕೊನೆಯ ಕಡೆ ಇದ್ದ ಕಣದ ಅಂಚು ಬದಲಾಗುತ್ತಿತ್ತು. ಪರಿವರ್ತನೆ, ಅಂದರೆ ಮೊನಾಕ್ಸೈಡಿನಲ್ಲಿ ಡೈಆಕ್ಸೈಡ್ ಆಗುವ ಪಾಲು, ಕಡಿಮೆ ಇದ್ದಾಗ ಕಣ ದುಂಡಗೆ. ಪರಿವರ್ತನೆ ಸರ್ರನೆ ಏರಿದಾಗ ಅದೇ ಕಣಕ್ಕೆ ಚೂಪಾದ ಮೂಲೆ, ಗೆರೆ ಎಳೆದಂಥ ಚಪ್ಪಟೆ ಮುಖಗಳು. ಪರಿವರ್ತನೆ ಇಳಿಯುತ್ತಾ ಹೋದಂತೆ ಮತ್ತೆ ದುಂಡಗೆ. ಒಂದು ಸಲ ಅಲ್ಲ, ಏರಿಳಿತ ನಡೆದಷ್ಟೂ ಸಲ. ಕಣದ ಒಳಗಿನ ಪರಮಾಣು ಸಾಲುಗಳು ಜಾಗ ಬಿಡುವುದಿಲ್ಲ. ಓಡಾಡುವುದು ಮೇಲಿನ ಪದರಗಳು ಮಾತ್ರ. ಮೆಟ್ಟಿಲಿನಿಂದ ಪರಮಾಣು ಕಿತ್ತು ಬರುತ್ತದೆ, ಚಪ್ಪಟೆ ಮುಖದ ಮೇಲೆ ಜಾರುತ್ತದೆ, ಇನ್ನೊಂದು ಕಡೆ ಸೇರಿಕೊಳ್ಳುತ್ತದೆ. ಈ ಬಿಸಿಯಲ್ಲಿ ಪ್ಲಾಟಿನಂ ಪರಮಾಣುಗಳಿಗೆ ಅದು ಕಷ್ಟವಲ್ಲ.

ಇನ್ನೊಂದು ವಿವರವನ್ನು ಓದುವವರು ಹಲವು ಸಲ ದಾಟಿಹೋಗುತ್ತಾರೆ. ಅನಿಲ ಒಳಗೆ ಬರುವ ಕಡೆ ಇದ್ದ ಕಣಗಳು ಈ ಆಟ ಆಡಲಿಲ್ಲ. ಅವು ದುಂಡಗೇ ಉಳಿದವು. ಒಂದೇ ಚಿಪ್, ಒಂದೇ ಬಿಸಿ, ಒಂದೇ ಬಗೆಯ ಕಣ. ಬೇರೆ ಇದ್ದದ್ದು ಕಣ ಇರುವ ಜಾಗ. ಒಳಬರುವ ಕಡೆ ಮೊನಾಕ್ಸೈಡ್ ಯಾವಾಗಲೂ ತಾಜಾ, ಯಾವಾಗಲೂ ಜಾಸ್ತಿ. ಹೊರಹೋಗುವ ಕಡೆ ಎಷ್ಟು ಉಳಿದಿರುತ್ತದೆ ಎನ್ನುವುದು ಹಿಂದಿನ ಕಣಗಳು ಎಷ್ಟು ಉರಿಸಿವೆ ಎನ್ನುವುದರ ಮೇಲೆ ನಿಂತಿದೆ. ಒಂದೇ ರಿಯಾಕ್ಟರಿನಲ್ಲಿ ಎರಡು ಆಕಾರದ ವೇಗವರ್ಧಕ ಇದೆ ಎಂದಾಯಿತು. ಆಕಾರ ಕಣದ ಸ್ವಂತ ಗುಣವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಸುತ್ತು ತಿರುಗುವ ಬಗೆ

ತಂಡ ಕೊಟ್ಟ ವಿವರಣೆಯನ್ನು ಒಂದು ಸುತ್ತಿನಂತೆ ಓದಬಹುದು. ಕಣ ದುಂಡಗಿದೆ ಎಂದುಕೊಳ್ಳಿ. ಮೆಟ್ಟಿಲು ಜಾಸ್ತಿ. ಮೆಟ್ಟಿಲಿನ ಜಾಗಗಳು ಮೊನಾಕ್ಸೈಡನ್ನು ಚುರುಕಾಗಿ ಉರಿಸುತ್ತವೆ. ಹಾಗಾಗಿ ಪರಿವರ್ತನೆ ಏರುತ್ತದೆ. ಪರಿವರ್ತನೆ ಏರಿದಷ್ಟೂ ಕಾಲುವೆಯ ಕೊನೆಯಲ್ಲಿ ಮೊನಾಕ್ಸೈಡ್ ಕಡಿಮೆಯಾಗುತ್ತದೆ. ಮೊನಾಕ್ಸೈಡ್ ಕಡಿಮೆಯಾದರೆ ಮೆಟ್ಟಿಲುಗಳಿಗೆ ಆಸರೆ ತಪ್ಪುತ್ತದೆ. ಕಣ ತನ್ನ ಅಗ್ಗದ ಆಕಾರಕ್ಕೆ, 111 ಮುಖಗಳಿಗೆ, ಮರಳುತ್ತದೆ. ಆದರೆ ಆ ಚಪ್ಪಟೆ ಮುಖಗಳು ಅಷ್ಟು ಚುರುಕಲ್ಲ. ಕ್ರಿಯೆ ನಿಧಾನವಾಗುತ್ತದೆ. ಉರಿಯದೆ ಉಳಿದ ಮೊನಾಕ್ಸೈಡ್ ಮತ್ತೆ ಹೆಚ್ಚುತ್ತದೆ. ಹೆಚ್ಚಿದ ಮೊನಾಕ್ಸೈಡ್ ಮತ್ತೆ ಮೆಟ್ಟಿಲುಗಳನ್ನು ಎಬ್ಬಿಸುತ್ತದೆ. ಕಣ ದುಂಡಗಾಗುತ್ತದೆ.

ಅಂದರೆ ಕಣ ತಾನು ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ತನ್ನ ಚುರುಕು ಜಾಗಗಳನ್ನು ಕಳೆದುಕೊಳ್ಳುತ್ತದೆ. ಕೆಲಸ ಕೆಟ್ಟಿದ್ದರಿಂದಲೇ ಮತ್ತೆ ಪಡೆಯುತ್ತದೆ. ಎರಡು ಬದಲಾವಣೆಗಳ ನಡುವೆ ಸ್ವಲ್ಪ ತಡ ಇರುವುದರಿಂದ ಇದು ಒಂದು ಕಡೆ ನಿಲ್ಲದೆ ತೂಗಾಡುತ್ತಲೇ ಇರುತ್ತದೆ. ಅನಿಲದ ಮಿಶ್ರಣ ಬದಲಾಗುವುದು ಬೇಗ, ಪರಮಾಣುಗಳು ಮರುಜೋಡಣೆಯಾಗುವುದು ಅದಕ್ಕಿಂತ ನಿಧಾನ. ಈ ತಡ ಇಲ್ಲದಿದ್ದರೆ ವ್ಯವಸ್ಥೆ ನಡುವೆ ಎಲ್ಲೋ ಒಂದು ಕಡೆ ತಣ್ಣಗೆ ನಿಂತುಬಿಡುತ್ತಿತ್ತು.

ಇಷ್ಟೊಂದು ಕಣಗಳು ಒಂದೇ ತಾಳಕ್ಕೆ ಹೇಗೆ ಬರುತ್ತವೆ ಎಂದು ಕೇಳಬಹುದು. ಅವುಗಳ ನಡುವೆ ಬೇರೆ ಮಾತುಕತೆ ಇಲ್ಲ. ಅವು ಹಂಚಿಕೊಂಡಿರುವುದು ಅನಿಲವನ್ನು. ಕಾಲುವೆ ಎಷ್ಟು ಚಿಕ್ಕದೆಂದರೆ ಒಂದು ಕಡೆ ಮೊನಾಕ್ಸೈಡ್ ಕಡಿಮೆಯಾದರೆ ಪಕ್ಕದವರಿಗೆ ತಕ್ಷಣ ತಿಳಿಯುತ್ತದೆ. ದೊಡ್ಡ ರಿಯಾಕ್ಟರಿನಲ್ಲಿ ಹೀಗಾಗದೆ ಇರಬಹುದು. ಅಲ್ಲಿ ಒಂದು ಮೂಲೆ ಏರುವಾಗ ಇನ್ನೊಂದು ಮೂಲೆ ಇಳಿಯುತ್ತಿದ್ದರೆ ಒಟ್ಟು ಅಳತೆಯಲ್ಲಿ ಏನೂ ಕಾಣುವುದಿಲ್ಲ. ಹೊರಗಿನ ಗ್ರಾಫ್ ನೇರವಾಗಿದೆ ಎಂದ ಮಾತ್ರಕ್ಕೆ ಒಳಗಿನ ಕಣಗಳು ಅಲ್ಲಾಡುತ್ತಿಲ್ಲ ಎಂದು ಹೇಳಲಾಗದು.

ಈ ವಿವರಣೆಯನ್ನು ಎಷ್ಟು ನಂಬಬಹುದು

ಮೊದಲ ಅನುಮಾನ ಎಲೆಕ್ಟ್ರಾನ್ ಕಿರಣದ ಮೇಲೆ. ಅದೇ ಕಣವನ್ನು ಕರಗಿಸಿ ಆಕಾರ ಬದಲಿಸುತ್ತಿದೆಯೇ? ಕಿರಣ ಬೀಳುವುದು ಕಾಲುವೆಯ ಒಂದು ಚುಕ್ಕಿಯಷ್ಟು ಜಾಗಕ್ಕೆ. ಮಾಸ್ ಸ್ಪೆಕ್ಟ್ರೋಮೀಟರ್ ಅಳೆಯುವುದು ಇಡೀ ಕಾಲುವೆಯಿಂದ ಬಂದ ಅನಿಲವನ್ನು. ಇಡೀ ಕಾಲುವೆಯ ತಾಳಕ್ಕೆ ಆ ಒಂದು ಕಣ ಹೊಂದಿಕೊಂಡು ಕುಣಿಯುತ್ತಿದೆ ಎಂದರೆ ಅದನ್ನು ಕುಣಿಸುತ್ತಿರುವುದು ಕಿರಣವಲ್ಲ.

ಎರಡನೆಯದು ಇನ್ನೂ ಗಟ್ಟಿಯಾದ ಪ್ರಶ್ನೆ. ಆಕಾರ ಬದಲಾವಣೆ ಏರಿಳಿತದ ಕಾರಣವೋ, ಅಥವಾ ಸುಮ್ನೆ ಅದರ ನೆರಳೋ? ಮೊನಾಕ್ಸೈಡ್ ಏರಿಳಿದರೆ ಆಕಾರ ಹೇಗೂ ಬದಲಾಗುತ್ತದೆ. ಏರಿಳಿತ ಬೇರೆ ಯಾವುದೋ ಕಾರಣಕ್ಕೆ ಆಗುತ್ತಿರಬಹುದಲ್ಲ? ಇದಕ್ಕೆ ಉತ್ತರ ಚಿತ್ರದಿಂದ ಸಿಗುವುದಿಲ್ಲ. ತಂಡ ಲೆಕ್ಕದ ಮಾದರಿ ಕಟ್ಟಿತು. ಬೇರೆ ಬೇರೆ ಜಾಗದಲ್ಲಿ ಮೊನಾಕ್ಸೈಡ್ ಎಷ್ಟು ಗಟ್ಟಿಯಾಗಿ ಕೂರುತ್ತದೆ, ಎಷ್ಟು ವೇಗವಾಗಿ ಉರಿಯುತ್ತದೆ ಎಂಬುದನ್ನು ಕ್ವಾಂಟಂ ಲೆಕ್ಕದಿಂದ ತೆಗೆದುಕೊಂಡಿತು. ಅದಕ್ಕೆ ಕಾಲುವೆಯಲ್ಲಿ ಅನಿಲ ಹರಿಯುವ ಲೆಕ್ಕವನ್ನು ಸೇರಿಸಿತು. ಆಕಾರ ಬದಲಾಗುವುದನ್ನು ಮಾದರಿಯಲ್ಲಿ ಸೇರಿಸದೆ ಏರಿಳಿತವನ್ನು ವಿವರಿಸಲು ಆಗಲಿಲ್ಲ. ಸೇರಿಸಿದಾಗ ಆಯಿತು. ಮಾದರಿ ಎಂದರೆ ಮಾದರಿಯೇ, ಅದರಲ್ಲಿ ಬಿಟ್ಟ ಸಂಗತಿಗಳು ಇದ್ದೇ ಇರುತ್ತವೆ. ಆದರೂ ತೆಗೆದು ನೋಡುವ, ಹಾಕಿ ನೋಡುವ ಈ ಪರೀಕ್ಷೆ ನನಗೆ ಚಿತ್ರಗಳಿಗಿಂತ ಹೆಚ್ಚು ಒಪ್ಪಿಗೆಯಾಗುತ್ತದೆ.

ಮೂರನೆಯದು ಹಳೆಯ ವಾದ: ಆಕ್ಸೈಡ್. ಆಮ್ಲಜನಕ ಜಾಸ್ತಿಯಾದಾಗ ಪ್ಲಾಟಿನಂ ಮೇಲೆ ಆಕ್ಸೈಡ್ ಪದರ ಬೆಳೆದು, ಮತ್ತೆ ಕರಗಿ, ಅದರಿಂದ ಏರಿಳಿತ ಆಗುತ್ತದೆ ಎಂದು ಅನೇಕರು ವಾದಿಸಿದ್ದಾರೆ. ದಪ್ಪ ಆಕ್ಸೈಡ್ ಇದ್ದರೆ ಚಿತ್ರದಲ್ಲಿ ಪರಮಾಣು ಸಾಲುಗಳ ಅಂತರ ಬೇರೆಯಾಗಿ ಕಾಣುತ್ತದೆ. ಪ್ಲಾಟಿನಂ ಲೋಹದ 111 ಸಾಲುಗಳ ಅಂತರ ಸುಮಾರು 0.227 ನ್ಯಾನೊಮೀಟರ್, ಅದನ್ನು ಗುರುತಿಸುವುದು ಸುಲಭ. ಆದರೆ ಒಂದೇ ಪದರದಷ್ಟು ತೆಳುವಾದ ಆಕ್ಸೈಡನ್ನು ಈ ಬಗೆಯ ಚಿತ್ರದಲ್ಲಿ ಹಿಡಿಯುವುದು ಕಷ್ಟ. ಹಾಗಾಗಿ ಆಕ್ಸೈಡ್ ವಾದವನ್ನು ಎಲ್ಲ ಸಂದರ್ಭಕ್ಕೂ ತಳ್ಳಿಹಾಕಬಾರದು ಎಂದೇ ನನ್ನ ಅಭಿಪ್ರಾಯ. ಈ ಬಿಸಿ, ಈ ಮಿಶ್ರಣ, ಈ ಕಣಗಳಿಗೆ ಮೆಟ್ಟಿಲಿನ ವಿವರಣೆ ಸಾಕಾಗುತ್ತದೆ, ಅಷ್ಟೇ. 2010ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನ ಸಂಶೋಧಕರು ಪಲ್ಲೇಡಿಯಂ ಹರಳಿನ ಮೇಲೆ ಇದೇ ಕ್ರಿಯೆಯನ್ನು ನೋಡಿದಾಗ, ಅಲ್ಲಿ ಆಕ್ಸೈಡೂ ಇತ್ತು, ಮೆಟ್ಟಿಲುಗಳ ಪಾತ್ರವೂ ಇತ್ತು. ಎರಡೂ ಸೇರಿಯೇ ಏರಿಳಿತವನ್ನು ನಡೆಸುತ್ತಿದ್ದವು.

ಇದರ ಬೇರು ಎಲ್ಲಿದೆ

ಗೆರ್ಹಾರ್ಡ್ ಎರ್ಟ್ಲ್ 2007ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದ ಕೆಲಸಗಳಲ್ಲಿ ಇದರ ಹಿಂದಿನ ಅಧ್ಯಾಯವಿದೆ. ಅವರು ತೆಗೆದುಕೊಂಡದ್ದು ದೊಡ್ಡ, ಶುದ್ಧ ಪ್ಲಾಟಿನಂ ಹರಳು, ತುಂಬ ಕಡಿಮೆ ಒತ್ತಡ. ಪ್ಲಾಟಿನಂ 100 ಮುಖ ಖಾಲಿ ಇದ್ದಾಗ ಅದರ ಮೇಲಿನ ಪದರ ಚೌಕದ ಜೋಡಣೆ ಬಿಟ್ಟು ಆರು ಮೂಲೆಯ ಒತ್ತಾದ ಜೋಡಣೆಗೆ ಹೋಗುತ್ತದೆ. ಮೊನಾಕ್ಸೈಡ್ ಬಂದು ಕೂತರೆ ಮತ್ತೆ ಚೌಕವಾಗುತ್ತದೆ. ಚೌಕದ ಮೇಲೆ ಆಮ್ಲಜನಕ ಅಂಟಿಕೊಳ್ಳುವ ಸಾಧ್ಯತೆ ನೂರು ಪಟ್ಟಿಗೂ ಜಾಸ್ತಿ. ಅಂಟಿದ ಆಮ್ಲಜನಕ ಮೊನಾಕ್ಸೈಡನ್ನು ಉರಿಸಿ ತೆಗೆದುಹಾಕುತ್ತದೆ, ಮೇಲ್ಮೈ ಮತ್ತೆ ಆರು ಮೂಲೆಗೆ ಹೋಗುತ್ತದೆ. ಅದೇ ಸುತ್ತು, ಬೇರೆ ಪರಮಾಣು ಕಥೆ.

ಎರ್ಟ್ಲ್ ಅವರ ಕೆಲಸಕ್ಕೂ ನಿಜವಾದ ರಿಯಾಕ್ಟರಿಗೂ ನಡುವೆ ಎರಡು ಕಂದಕ ಇದ್ದವು: ಒತ್ತಡದ್ದು ಒಂದು, ಹರಳಿಗೂ ಕಣಕ್ಕೂ ಇರುವ ವ್ಯತ್ಯಾಸ ಇನ್ನೊಂದು. 2014ರ ಪ್ರಯೋಗ ಎರಡನ್ನೂ ಒಂದೇ ಸಲ ದಾಟಿತು.

ಪ್ಲಾಟಿನಂ ಒಂದೇ ಹೀಗೆ ಮಾಡುತ್ತದೆ ಎಂದುಕೊಳ್ಳಬೇಡಿ. 2002ರಲ್ಲಿ ಟಾಪ್ಸೋ ತಂಡವೇ ಸಯನ್ಸ್ ಪತ್ರಿಕೆಯಲ್ಲಿ ತಾಮ್ರದ ಕಣಗಳನ್ನು ತೋರಿಸಿತ್ತು. ಸತುವಿನ ಆಕ್ಸೈಡ್ ಮೇಲೆ ಕೂತ ಈ ಕಣಗಳು ಮೆಥನಾಲ್ ತಯಾರಿಕೆಯ ವೇಗವರ್ಧಕ. ಹೈಡ್ರೋಜನ್ ಮಾತ್ರ ಇದ್ದಾಗ ಅವುಗಳಿಗೆ ಸ್ಪಷ್ಟ ಮುಖಗಳಿದ್ದವು. ನೀರಾವಿ ಬೆರೆಸಿದಾಗ ದುಂಡಗಾದವು. ಮೊನಾಕ್ಸೈಡ್ ಬೆರೆಸಿದಾಗ ಆ ಆಕ್ಸೈಡಿನ ಮೇಲೆ ಹರಡಿಕೊಂಡು ಚಪ್ಪಟೆಯಾದವು. ಅನಿಲ ಹಿಂದಕ್ಕೆ ಬದಲಿಸಿದರೆ ಆಕಾರವೂ ಹಿಂದಕ್ಕೆ.

ಎರಡು ಲೋಹ ಬೆರೆತ ಕಣದಲ್ಲಿ ಆಕಾರ ಮಾತ್ರವಲ್ಲ, ಹೊರಗೆ ಯಾವ ಲೋಹ ಇದೆ ಎನ್ನುವುದೂ ಬದಲಾಗುತ್ತದೆ. 2008ರಲ್ಲಿ ಅಮೆರಿಕದ ಬರ್ಕ್ಲಿಯ ಗೇಬರ್ ಸೊಮೊರ್ಜೈ, ಮಿಕೆಲ್ ಸಾಲ್ಮೆರೊನ್ ಮತ್ತು ಸಂಗಡಿಗರು ರೋಡಿಯಂ-ಪಲ್ಲೇಡಿಯಂ ಕಣಗಳಲ್ಲಿ ಇದನ್ನು ಕಂಡರು. ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ರೋಡಿಯಂ ಮೇಲಕ್ಕೆ ಬಂತು. ಮೊನಾಕ್ಸೈಡನ್ನೂ ಸೇರಿಸಿದಾಗ ಪಲ್ಲೇಡಿಯಂ ಮೇಲಕ್ಕೆ. ಆಕ್ಸಿಜನ್ ಕೊಡುವ ಅನಿಲ ಇದ್ದರೆ ಆಕ್ಸಿಜನ್ನಿಗೆ ಹೆಚ್ಚು ಒಲಿಯುವ ಲೋಹ ಹೊರಗೆ, ಅದನ್ನು ಕಸಿದುಕೊಳ್ಳುವ ಅನಿಲ ಬಂದರೆ ಇನ್ನೊಂದು ಹೊರಗೆ.

ಎಣಿಸುವವರಿಗೆ ಇದರಿಂದ ಬಂದ ತೊಂದರೆ

ವೇಗವರ್ಧಕಗಳನ್ನು ಹೋಲಿಸುವಾಗ ಎಲ್ಲರೂ ಒಂದು ಅಂಕಿ ಕೇಳುತ್ತಾರೆ: ಒಂದು ಜಾಗ ಒಂದು ಸೆಕೆಂಡಿನಲ್ಲಿ ಎಷ್ಟು ಅಣುಗಳನ್ನು ಬದಲಿಸುತ್ತದೆ? ಅದಕ್ಕೆ ಒಟ್ಟು ವೇಗವನ್ನು ಜಾಗಗಳ ಸಂಖ್ಯೆಯಿಂದ ಭಾಗಿಸಬೇಕು. ಜಾಗಗಳನ್ನು ಎಣಿಸುವ ರೂಢಿಯ ದಾರಿ ಎಂದರೆ ಕೋಣೆಯ ಬಿಸಿಯಲ್ಲಿ ಮೊನಾಕ್ಸೈಡ್ ಅಥವಾ ಹೈಡ್ರೋಜನ್ ಬಿಟ್ಟು, ಎಷ್ಟು ಅಂಟಿಕೊಂಡಿತು ಎಂದು ನೋಡುವುದು. ಆ ಎಣಿಕೆ ಹೊರಮೈಯ ಪರಮಾಣುಗಳ ಒಟ್ಟು ಸಂಖ್ಯೆಯನ್ನು ಸುಮಾರಾಗಿ ಸರಿಯಾಗಿಯೇ ಕೊಡುತ್ತದೆ. ಆದರೆ ಈ ಪ್ರಕರಣದಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಮೆಟ್ಟಿಲುಗಳು. ಅವುಗಳ ಸಂಖ್ಯೆ ಕ್ರಿಯೆ ನಡೆಯುವ ಬಿಸಿಯಲ್ಲಿ, ಆ ಕ್ಷಣದ ಅನಿಲದಲ್ಲಿ, ರಿಯಾಕ್ಟರಿನ ಆ ಜಾಗದಲ್ಲಿ ಗೊತ್ತಾಗುತ್ತದೆ. ತಣ್ಣಗೆ ಮಾಡಿ, ಹೊರತೆಗೆದು, ನಿರ್ವಾತದಲ್ಲಿ ತೆಗೆದ ಚಿತ್ರದಲ್ಲಿ ಎಣಿಸಿದರೆ ಸಿಗುವುದು ಬೇರೆ ಕಣದ ಮೆಟ್ಟಿಲುಗಳು.

ಕೋಣೆಯ ಬಿಸಿಯಲ್ಲಾದರೂ ಎಣಿಸುವ ಅನಿಲ ಮೇಲ್ಮೈಯನ್ನು ಹಾಗೇ ಬಿಡುತ್ತದೆಯೇ? ಅದೂ ಇಲ್ಲ. 2010ರಲ್ಲಿ ಸೊಮೊರ್ಜೈ, ಸಾಲ್ಮೆರೊನ್ ತಂಡ ಸಾಲುಸಾಲು ಮೆಟ್ಟಿಲುಗಳಿರುವ ಪ್ಲಾಟಿನಂ ಹರಳಿನ ಮೇಲೆ ಮೊನಾಕ್ಸೈಡ್ ಬಿಟ್ಟಿತು. ಒತ್ತಡ ಸುಮಾರು 1 ಟಾರ್ (ನಾವು ಉಸಿರಾಡುವ ಗಾಳಿಯ ಒತ್ತಡದ ಸಾವಿರದಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ) ಆಗಿ ಮೇಲ್ಮೈ ಪೂರ್ತಿ ತುಂಬಿದಾಗ ಆ ನೇರ ಮೆಟ್ಟಿಲುಗಳು ಮುರಿದು, ಸುಮಾರು 2 ನ್ಯಾನೊಮೀಟರ್ ಅಗಲದ ಮುಕ್ಕೋನದ ಗುಂಪುಗಳಾದವು. ಮೊನಾಕ್ಸೈಡನ್ನು ಪಂಪ್ ಮಾಡಿ ತೆಗೆದಾಗ ಗುಂಪುಗಳು ಮಾಯವಾಗಿ ಮತ್ತೆ ಮೆಟ್ಟಿಲುಗಳು ಬಂದವು. ಹೀಗಾಗಿ ಮೆಟ್ಟಿಲು ಲೆಕ್ಕ ಬೇಕಾದವರಿಗೆ ಉಳಿದಿರುವ ದಾರಿ ಒಂದೇ: ಯಾವ ಅನಿಲದಲ್ಲಿ ವೇಗ ಅಳೆಯುತ್ತೀರೋ ಅದೇ ಅನಿಲದಲ್ಲಿ, ಅದೇ ಬಿಸಿಯಲ್ಲಿ, ವೇಗ ಅಳೆಯುತ್ತಿರುವಾಗಲೇ ಎಣಿಸಬೇಕು.